ಸತ್ತ ಕಾಗೆ ಕಂಡರೆ ಚಿಕನ್ ಬಿಡಬೇಕೇ? ಹಕ್ಕಿ ಜ್ವರದ ಫಾರ್ವರ್ಡ್‌ಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು

ಬೀದರ್‌ನ ಗಾಂಧಿ ಗಂಜದಲ್ಲಿ ಬೆಳಿಗ್ಗೆ ಅಡತಿ ಅಂಗಡಿಗಳ ಬಾಗಿಲು ತೆರೆಯುವ ಹೊತ್ತಿಗೆ ಪಾರಿವಾಳಗಳು, ಗುಬ್ಬಿಗಳು, ಕಾಗೆಗಳು ಬಂದು ಇಳಿದಿರುತ್ತವೆ. ಚೀಲದಿಂದ ಚೆಲ್ಲಿದ ತೊಗರಿ, ಸೋಯಾ, ಜೋಳ ಅವುಗಳ ಪಾಲು. ಯಾರೂ ಅವುಗಳ ಕಡೆ ತಿರುಗಿ ನೋಡುವುದಿಲ್ಲ. ಆದರೆ ಎಲ್ಲೋ ಹಕ್ಕಿ ಜ್ವರದ ಸುದ್ದಿ ಬಂದರೆ ಸಾಕು, ಅದೇ ಹಕ್ಕಿಗಳ ಫೋಟೊ ಮೊಬೈಲ್‌ಗಳಲ್ಲಿ ಓಡಾಡಲು ಶುರುವಾಗುತ್ತದೆ. ಜೊತೆಗೆ ಈ ಬಗೆಯ ಮಾತುಗಳು: "ಚಿಕನ್, ಮೊಟ್ಟೆ ಇವತ್ತೇ ಬಿಡಿ", "ಹಕ್ಕಿ ತಲೆ ಮೇಲೆ ಹಾರಿದರೂ ರೋಗ ಬರುತ್ತೆ", "ನಮ್ಮ ಬಿಸಿಲಿಗೆ ಈ ವೈರಸ್ ಬದುಕಲ್ಲ, ಭಯ ಬೇಡ".

ಈ ಮೂರರಲ್ಲಿ ಯಾವುದೂ ಸರಿಯಲ್ಲ. ಮೊದಲ ಎರಡು ಸುಮ್ಮನೆ ಹೆದರಿಸುತ್ತವೆ, ಮೂರನೆಯದು ಸುಮ್ಮನೆ ಧೈರ್ಯ ಕೊಡುತ್ತದೆ. ಎರಡೂ ಅಪಾಯವೇ. ಏಕೆಂದು ನಾವು ಈ ಲೇಖನದಲ್ಲಿ ವಿವರಿಸುತ್ತೇವೆ.

ಒಂದೇ ಮಾತಿನಲ್ಲಿ ಉತ್ತರ

ಹಕ್ಕಿ ಜ್ವರ ಮನುಷ್ಯರಿಗೆ ಬರುವುದು ಬಹಳ ಅಪರೂಪ. ಬಂದಾಗ ಅದು ಹೆಚ್ಚಾಗಿ ಕಾಯಿಲೆ ಬಿದ್ದ ಅಥವಾ ಸತ್ತ ಹಕ್ಕಿ, ಕೋಳಿಗಳನ್ನು ಕೈಯಿಂದ ಮುಟ್ಟಿದವರಿಗೆ, ಅವುಗಳ ಹಿಕ್ಕೆ, ರಕ್ತ, ಹಸಿ ಮಾಂಸದ ಹತ್ತಿರ ಇದ್ದವರಿಗೆ ಬಂದಿದೆ. ಚೆನ್ನಾಗಿ ಬೇಯಿಸಿದ ಚಿಕನ್ ಮತ್ತು ಮೊಟ್ಟೆಯಿಂದ ಬರುವುದಿಲ್ಲ. ಆದ್ದರಿಂದ ಎಚ್ಚರ ಬೇಕಿರುವುದು ಊಟದ ತಟ್ಟೆಯ ಹತ್ತಿರ ಅಲ್ಲ, ಕೈಯ ಹತ್ತಿರ.

ಇದು ದೂರದ ಊರಿನ ಮಾತಲ್ಲ

ಹಕ್ಕಿ ಜ್ವರ ಎಂದರೆ ಕೇರಳದ್ದು, ಚೀನಾದ್ದು ಎಂದು ನಮ್ಮ ಭಾಗದಲ್ಲಿ ಹಲವರು ತಿಳಿದಿದ್ದಾರೆ. ಬೀದರ್ ಜಿಲ್ಲೆಗೆ ಇದು ಈಗಾಗಲೇ ಬಂದು ಹೋಗಿದೆ. 2016ರ ಮೇ ತಿಂಗಳಲ್ಲಿ ಹುಮನಾಬಾದ್ ತಾಲೂಕಿನ ಕೋಳಿ ಫಾರಂ ಒಂದರಲ್ಲಿ ಕೋಳಿಗಳು ಸಾಲುಸಾಲಾಗಿ ಸತ್ತವು. ಮಾದರಿಗಳನ್ನು ಭೋಪಾಲ್‌ನ ರಾಷ್ಟ್ರೀಯ ಅತಿ ಭದ್ರತಾ ಪ್ರಾಣಿ ರೋಗಗಳ ಸಂಸ್ಥೆಗೆ ಕಳಿಸಿದಾಗ ಎಚ್5ಎನ್1 ವೈರಸ್ ಇರುವುದು ದೃಢಪಟ್ಟಿತು. ರೋಗ ಹರಡದಂತೆ ಒಂದು ಲಕ್ಷಕ್ಕೂ ಹೆಚ್ಚು ಕೋಳಿಗಳನ್ನು ಕೊಂದು ಹೂಳಬೇಕಾಯಿತು.

ಇನ್ನೊಂದು ಘಟನೆ ಗಡಿಯ ಆಚೆಯದು. ಬೀದರ್‌ನಿಂದ ಹೊರಟ ರೈಲು ಭಾಲ್ಕಿ, ಕಮಲನಗರ ದಾಟಿದ ಮೇಲೆ ಉದಗೀರ್ ಸಿಗುತ್ತದೆ. ಔರಾದ್, ಭಾಲ್ಕಿ, ಕಮಲನಗರದ ಜನರಿಗೆ ಅದು ಸಂತೆಗೆ, ಆಸ್ಪತ್ರೆಗೆ, ನೆಂಟರ ಮನೆಗೆ ಹೋಗಿ ಬರುವ ಊರು. 2025ರ ಜನವರಿಯಲ್ಲಿ ಅದೇ ಉದಗೀರ್‌ನ ಬೇರೆ ಬೇರೆ ಕಡೆ ಕಾಗೆಗಳು ಸತ್ತು ಬಿದ್ದವು. ಅವುಗಳಲ್ಲೂ ಹಕ್ಕಿ ಜ್ವರ ಇರುವುದನ್ನು ಭೋಪಾಲ್‌ನ ಪ್ರಯೋಗಾಲಯ ದೃಢಪಡಿಸಿತು. ಸುತ್ತ 10 ಕಿ.ಮೀ. ಪ್ರದೇಶವನ್ನು ಆಡಳಿತ ಎಚ್ಚರಿಕೆಯ ವಲಯ ಎಂದು ಘೋಷಿಸಿತು. ಅದರ ಮುಂದಿನ ತಿಂಗಳುಗಳಲ್ಲಿ ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ, ನಮ್ಮ ರಾಜ್ಯದ ಚಿಕ್ಕಬಳ್ಳಾಪುರ ಮತ್ತು ಬಳ್ಳಾರಿ ಜಿಲ್ಲೆಗಳಲ್ಲಿ ಕೋಳಿಗಳಿಗೆ ಇದೇ ರೋಗ ಕಾಣಿಸಿಕೊಂಡಿತು.

ಕಾಗೆಗೆ ರಾಜ್ಯದ ಗಡಿ ಗೊತ್ತಿಲ್ಲ. ಕೋಳಿ ಸಾಗಿಸುವ ವಾಹನವೂ ಗಡಿ ದಾಟುತ್ತಲೇ ಇರುತ್ತದೆ. ಹಾಗಾಗಿ ಈ ವಿಷಯ ನಮಗೆ ಗೊತ್ತಿರಬೇಕು.

ಹಕ್ಕಿ ಜ್ವರ ಎಂದರೇನು?

ನಮಗೆ ಬರುವ ಫ್ಲೂ ಜ್ವರದ ವೈರಸ್‌ಗಳಿಗೂ ಹಕ್ಕಿ ಜ್ವರದ ವೈರಸ್‌ಗಳಿಗೂ ವಂಶ ಒಂದೇ. ಎಲ್ಲವೂ ಇನ್‌ಫ್ಲುಯೆಂಜಾ ಕುಟುಂಬಕ್ಕೆ ಸೇರಿದವು. ಹಕ್ಕಿಗಳಲ್ಲಿ ಸಿಗುವುದು ಇನ್‌ಫ್ಲುಯೆಂಜಾ ಎ ಎಂಬ ಗುಂಪು.

ಎಚ್5ಎನ್1, ಎಚ್5ಎನ್8, ಎಚ್9ಎನ್2 ಎಂಬ ಹೆಸರುಗಳು ಎಲ್ಲಿಂದ ಬಂದವು? ವೈರಸ್‌ನ ಹೊರಮೈ ಮೇಲೆ ಎರಡು ಬಗೆಯ ಮುಳ್ಳುಗಳಿರುತ್ತವೆ. ಹೀಮಾಗ್ಲುಟಿನಿನ್ ಎಂಬುದು ಜೀವಕೋಶದ ಬೀಗಕ್ಕೆ ಹಾಕುವ ಕೀಲಿಯಂತೆ, ಅದರಿಂದ ವೈರಸ್ ಒಳಗೆ ಹೋಗುತ್ತದೆ. ನ್ಯೂರಾಮಿನಿಡೇಸ್ ಎಂಬುದು ಕತ್ತರಿಯಂತೆ, ಅದರಿಂದ ಹೊಸ ವೈರಸ್‌ಗಳು ಬಿಡಿಸಿಕೊಂಡು ಹೊರಗೆ ಬರುತ್ತವೆ. ಮೊದಲನೆಯದರ ಹೆಸರಿನ ಮೊದಲ ಅಕ್ಷರ ಎಚ್, ಎರಡನೆಯದರದು ಎನ್. ಹಕ್ಕಿಗಳಲ್ಲಿ ಬಹುಕಾಲದಿಂದ ಗೊತ್ತಿರುವುದು 16 ಬಗೆಯ ಎಚ್ ಮತ್ತು 9 ಬಗೆಯ ಎನ್. ಎಚ್5 ಮತ್ತು ಎಚ್7 ಬಗೆಯ ಕೆಲವು ವೈರಸ್‌ಗಳು ಕೋಳಿಗಳಿಗೆ ಮಾರಕ. ಇಂದು ಫಾರಂಗೆ ನುಗ್ಗಿದರೆ ಕೆಲವೇ ದಿನಗಳಲ್ಲಿ ಇಡೀ ಹಿಂಡು ಸಾಯಬಹುದು.

ಕಾಡು ಹಕ್ಕಿಗಳಲ್ಲಿ ವಿಜ್ಞಾನಿಗಳು ಕಂಡದ್ದು

1961ರಲ್ಲಿ ದಕ್ಷಿಣ ಆಫ್ರಿಕಾದ ಕಡಲತೀರದಲ್ಲಿ ಟರ್ನ್ ಎಂಬ ಹಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಅವುಗಳಲ್ಲಿ ಇನ್‌ಫ್ಲುಯೆಂಜಾ ವೈರಸ್ ಸಿಕ್ಕಿತು. ಕಾಡು ಹಕ್ಕಿಗಳಲ್ಲಿ ಈ ವೈರಸ್ ಸಿಕ್ಕಿದ್ದು ಅದೇ ಮೊದಲು. ಅದೇ ದಶಕದಲ್ಲಿ ರಾಬರ್ಟ್ ವೆಬ್‌ಸ್ಟರ್ ಮತ್ತು ಗ್ರೇಮ್ ಲೇವರ್ ಎಂಬ ವಿಜ್ಞಾನಿಗಳು ಆಸ್ಟ್ರೇಲಿಯಾದ ಸಮುದ್ರ ದಂಡೆಯಲ್ಲಿ ನಡೆಯುತ್ತಿದ್ದಾಗ ಸತ್ತ ಕಡಲ ಹಕ್ಕಿಗಳನ್ನು ನೋಡಿದರು. ಇವು ಫ್ಲೂನಿಂದ ಸತ್ತಿರಬಹುದೇ ಎಂಬ ಪ್ರಶ್ನೆ ಅವರಿಗೆ ಬಂತು. ಆಮೇಲೆ ದ್ವೀಪಗಳಿಗೆ ಹೋಗಿ ಹಕ್ಕಿಗಳ ಮಾದರಿ ಪರೀಕ್ಷಿಸಿದರು. ಅಲ್ಲೂ ಫ್ಲೂ ವೈರಸ್‌ನ ಗುರುತು ಸಿಕ್ಕಿತು.

ನಂತರದ ವರ್ಷಗಳಲ್ಲಿ ಒಂದು ಮುಖ್ಯ ವಿಷಯ ಸ್ಪಷ್ಟವಾಯಿತು. ಕಾಡು ಬಾತುಗಳು ಮತ್ತು ನೀರಿನ ಹಕ್ಕಿಗಳು ಇನ್‌ಫ್ಲುಯೆಂಜಾ ಎ ವೈರಸ್‌ಗಳ ಮೂಲ ಮನೆ. ಬಾತುಗಳಲ್ಲಿ ಈ ವೈರಸ್ ಹೆಚ್ಚಾಗಿ ಬೆಳೆಯುವುದು ಕರುಳಿನಲ್ಲಿ. ಹಿಕ್ಕೆಯ ಮೂಲಕ ಅದು ಕೆರೆಯ ನೀರಿಗೆ ಸೇರುತ್ತದೆ, ಆ ನೀರು ಕುಡಿದ ಇನ್ನೊಂದು ಹಕ್ಕಿಗೆ ಹೋಗುತ್ತದೆ. ಹಲವು ಬಾತುಗಳಿಗೆ ಇದರಿಂದ ಏನೂ ಆಗುವುದಿಲ್ಲ, ಆರೋಗ್ಯವಾಗಿಯೇ ಹಾರಿಕೊಂಡು ಹೋಗುತ್ತವೆ. 1957 ಮತ್ತು 1968ರಲ್ಲಿ ಜಗತ್ತಿನ ತುಂಬ ಹಬ್ಬಿದ ಫ್ಲೂ ವೈರಸ್‌ಗಳಲ್ಲೂ ಹಕ್ಕಿಗಳ ವೈರಸ್‌ನಿಂದ ಬಂದ ಜೀನ್‌ಗಳು ಸೇರಿದ್ದವು. ವಿಜ್ಞಾನಿಗಳು ಕೆರೆಯ ಬಾತುಗಳ ಮೇಲೆ ಇಷ್ಟು ಕಣ್ಣಿಟ್ಟಿರುವುದು ಈ ಕಾರಣಕ್ಕೆ.

ಆದರೆ ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಈಗ ಹಾವಳಿ ಮಾಡುತ್ತಿರುವ ಮಾರಕ ಎಚ್5ಎನ್1 ವಂಶ ಮೊದಲು ಸಿಕ್ಕಿದ್ದು ಕಾಡು ಹಕ್ಕಿಯಲ್ಲಿ ಅಲ್ಲ. 1996ರಲ್ಲಿ ಚೀನಾದ ಗ್ವಾಂಗ್‌ಡಾಂಗ್‌ನಲ್ಲಿ ಸಾಕಿದ ಹೆಬ್ಬಾತಿನಲ್ಲಿ ಅದು ಸಿಕ್ಕಿತು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ವಲಸೆ ಹಕ್ಕಿಗಳು ಅದೇ ವಂಶದ ವೈರಸ್‌ನಿಂದ ಸತ್ತವು. ಅಂದರೆ ವೈರಸ್ ಎರಡೂ ದಿಕ್ಕಿಗೆ ಹೋಗುತ್ತದೆ. ಕಾಡು ಹಕ್ಕಿಯಿಂದ ಕೋಳಿಗೆ ಬರುತ್ತದೆ, ಕೋಳಿಯಿಂದ ಕಾಡು ಹಕ್ಕಿಗೂ ಹೋಗುತ್ತದೆ.

ಭಾರತದಲ್ಲೂ ಇದನ್ನು ಕಂಡಿದ್ದೇವೆ. 2020ರ ಡಿಸೆಂಬರ್ ಕೊನೆಯಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ವಲಸೆ ಹಕ್ಕಿಗಳು ಸಾಯತೊಡಗಿದವು. ಸತ್ತವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳು. ಹಿಮಾಲಯ ದಾಟಿ ಬರುವ ಇದೇ ಜಾತಿಯ ಹೆಬ್ಬಾತುಗಳು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಚಳಿಗಾಲದಲ್ಲಿ ಬರುತ್ತವೆ. ಅವು ಬಂದವು ಎಂದ ಮಾತ್ರಕ್ಕೆ ರೋಗ ಬಂತು ಎಂದಲ್ಲ. ಸತ್ತರೆ ಮಾತ್ರ ಅದನ್ನು ಕಡೆಗಣಿಸಬಾರದು.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ?

ಸತ್ತ ಹಕ್ಕಿಯನ್ನು ಕಣ್ಣಿನಿಂದ ನೋಡಿ ಇದು ಹಕ್ಕಿ ಜ್ವರ ಎಂದು ಯಾರೂ ಹೇಳಲಾಗದು. ವಿಷ, ಶಾಖ, ವಿದ್ಯುತ್ ತಂತಿ, ಬೇರೆ ರೋಗ, ಹೀಗೆ ಸಾವಿಗೆ ನೂರು ಕಾರಣ ಇರಬಹುದು. ಕೋಳಿಗಳಲ್ಲಿ ರಾಣಿಖೇತ್ ರೋಗ, ಅಂದರೆ ನಮ್ಮ ಜನ ಕೊಕ್ಕರೆ ರೋಗ ಎನ್ನುವುದು, ನೋಡಲು ಬಹುತೇಕ ಹೀಗೆಯೇ ಇರುತ್ತದೆ.

ಆದ್ದರಿಂದ ಪಶುವೈದ್ಯರು ರಕ್ಷಣಾ ಉಡುಪು ಹಾಕಿಕೊಂಡು ಹಕ್ಕಿಯ ಗಂಟಲು ಮತ್ತು ಮಲದ್ವಾರದಿಂದ ಹತ್ತಿಯ ಕಡ್ಡಿಯಲ್ಲಿ ಮಾದರಿ ತೆಗೆಯುತ್ತಾರೆ. ಅದನ್ನು ತಂಪಾಗಿಟ್ಟು ಕಳಿಸುತ್ತಾರೆ. ಕೊರೊನಾ ಕಾಲದಲ್ಲಿ ನಾವೆಲ್ಲ ಕೇಳಿದ ಆರ್‌ಟಿ-ಪಿಸಿಆರ್ ವಿಧಾನದಲ್ಲೇ ಇಲ್ಲೂ ಪರೀಕ್ಷೆ ನಡೆಯುತ್ತದೆ. ಭಾರತದಲ್ಲಿ ಹಕ್ಕಿ, ಪ್ರಾಣಿಗಳಲ್ಲಿ ಈ ರೋಗವನ್ನು ಅಧಿಕೃತವಾಗಿ ದೃಢಪಡಿಸುವುದು ಭೋಪಾಲ್‌ನ ಸಂಸ್ಥೆ. ಮನುಷ್ಯರ ಮಾದರಿಗಳಿಗೆ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಇದೆ. ವೈರಸ್‌ನ ಜೀನ್‌ಗಳನ್ನು ಪೂರ್ತಿ ಓದಿ, ಅದು ಎಲ್ಲಿಂದ ಬಂದ ವಂಶ, ಮನುಷ್ಯರಿಗೆ ಒಗ್ಗುವಂತೆ ಬದಲಾಗಿದೆಯೇ ಎಂದು ಸಂಶೋಧಕರು ನೋಡುತ್ತಾರೆ.

ಫಾರ್ವರ್ಡ್‌ನಲ್ಲಿ "ಹಕ್ಕಿ ಜ್ವರ ದೃಢ" ಎಂದು ಬರೆದಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಪ್ರಯೋಗಾಲಯ ದೃಢಪಡಿಸಿದೆ?

ಮನುಷ್ಯರಿಗೆ ಸುಲಭವಾಗಿ ಏಕೆ ಬರುವುದಿಲ್ಲ?

ಮೇಲೆ ಹೇಳಿದ ಕೀಲಿ ಮತ್ತು ಬೀಗದ ಲೆಕ್ಕ ಇಲ್ಲಿ ಮುಖ್ಯ. ನಮ್ಮ ಮೂಗು, ಗಂಟಲಿನ ಕೋಶಗಳ ಮೇಲಿರುವ ಬೀಗಕ್ಕೂ ಹಕ್ಕಿಯ ಕರುಳಿನ ಕೋಶಗಳ ಬೀಗಕ್ಕೂ ಸ್ವಲ್ಪ ವ್ಯತ್ಯಾಸ ಇದೆ. ಹಕ್ಕಿಯ ವೈರಸ್‌ನ ಕೀಲಿ ನಮ್ಮ ಮೂಗು, ಗಂಟಲಿಗೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ಅದು ಸುಲಭವಾಗಿ ಅಂಟುವುದಿಲ್ಲ, ಕೆಮ್ಮಿದರೆ, ಸೀನಿದರೆ ಒಬ್ಬರಿಂದ ಒಬ್ಬರಿಗೆ ಸುಲಭವಾಗಿ ಹರಡುವುದೂ ಇಲ್ಲ.

ಆದರೆ ಹಕ್ಕಿಯ ಬೀಗದಂಥ ಬೀಗಗಳು ನಮ್ಮ ಶ್ವಾಸಕೋಶದ ಆಳದಲ್ಲೂ, ಕಣ್ಣಿನ ಪೊರೆಯಲ್ಲೂ ಇವೆ. ಸೋಂಕಿತ ಕೋಳಿಯ ಪುಕ್ಕ ಕೀಳುವಾಗ, ಒಣ ಹಿಕ್ಕೆಯ ಧೂಳು ಏಳುವಾಗ ತುಂಬ ವೈರಸ್ ಒಮ್ಮೆಲೇ ಒಳಗೆ ಹೋದರೆ ಅದು ಆಳಕ್ಕೆ ತಲುಪಬಹುದು. ಹಾಗಾದಾಗ ತೀವ್ರ ನ್ಯುಮೋನಿಯಾ ಬರುತ್ತದೆ.

ಅಂಕಿ ಅಂಶಗಳೂ ಇದನ್ನೇ ಹೇಳುತ್ತವೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ಎಚ್5ಎನ್1 ತಗುಲಿ 6 ಜನ ಸತ್ತರು. 2003ರಿಂದ ಈಚೆಗೆ ವಿಶ್ವ ಆರೋಗ್ಯ ಸಂಸ್ಥೆಗೆ ಇಡೀ ಜಗತ್ತಿನಿಂದ ವರದಿಯಾದ ಎಚ್5ಎನ್1 ಪ್ರಕರಣಗಳು 900ಕ್ಕೂ ಹೆಚ್ಚು. ಅವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನ ಸತ್ತಿದ್ದಾರೆ. ಲಕ್ಷಣ ಕಡಿಮೆ ಇದ್ದವರು ಪರೀಕ್ಷೆಗೇ ಬಂದಿರಲಿಕ್ಕಿಲ್ಲ, ಹಾಗಾಗಿ ಸಾವಿನ ನಿಜವಾದ ಪ್ರಮಾಣ ಇದಕ್ಕಿಂತ ಕಡಿಮೆ ಇರಬಹುದು. ಆದರೂ ರೋಗ ಅಪರೂಪ, ಬಂದರೆ ಕಠಿಣ ಎಂಬುದು ನಿಜ. ಫಾರ್ವರ್ಡ್‌ಗಳು ಈ ಎರಡರಲ್ಲಿ ಒಂದನ್ನಷ್ಟೇ ಹೇಳುತ್ತವೆ.

ಭಾರತದಲ್ಲಿ ಏನಾಗಿದೆ?

ನಮ್ಮ ದೇಶದಲ್ಲಿ ಕೋಳಿಗಳಿಗೆ ಎಚ್5ಎನ್1 ಮೊದಲು ಬಂದದ್ದು 2006ರ ಫೆಬ್ರುವರಿಯಲ್ಲಿ, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. ಅಲ್ಲಿಂದ 15 ವರ್ಷಗಳವರೆಗೆ ಹಲವು ರಾಜ್ಯಗಳಲ್ಲಿ ಲಕ್ಷಾಂತರ ಕೋಳಿಗಳನ್ನು ಕೊಂದರೂ ಮನುಷ್ಯರಲ್ಲಿ ಒಂದೂ ಎಚ್5ಎನ್1 ಪ್ರಕರಣ ದೃಢಪಟ್ಟಿರಲಿಲ್ಲ. ಹುಮನಾಬಾದ್‌ನ ಘಟನೆಯೂ ಈ ಅವಧಿಯದ್ದೇ. 2021ರ ಜುಲೈನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಹರಿಯಾಣದ ಒಬ್ಬ ಬಾಲಕ ಇದರಿಂದ ಸತ್ತ. ಅದು ದೇಶದ ಮೊದಲ ಸಾವು.

2025ರ ಮಾರ್ಚ್‌ನಲ್ಲಿ ಆಂಧ್ರಪ್ರದೇಶದ ಪಲ್ನಾಡು ಜಿಲ್ಲೆಯ 2 ವರ್ಷದ ಮಗುವೊಂದು ಮಂಗಳಗಿರಿಯ ಏಮ್ಸ್‌ನಲ್ಲಿ ಸತ್ತಿತು. ಎಚ್5ಎನ್1 ಎಂದು ಪುಣೆಯ ಸಂಸ್ಥೆ ದೃಢಪಡಿಸಿತು. ಮನೆಯಲ್ಲಿ ಚಿಕನ್ ಕತ್ತರಿಸುವಾಗ ಮಗುವಿಗೆ ಹಸಿ ಮಾಂಸದ ತುಂಡು ಕೊಟ್ಟಿದ್ದರು ಎಂದು ವರದಿಯಾಯಿತು. ಅದೇ ಮನೆಯ ಅಡುಗೆ ತಿಂದ ಉಳಿದವರಿಗೆ ಏನೂ ಆಗಲಿಲ್ಲ.

ಇದೇ ಪಾಠವನ್ನು ಪ್ರಾಣಿಗಳೂ ಹೇಳಿವೆ. ಉದಗೀರ್‌ನಲ್ಲಿ ಕಾಗೆಗಳು ಸಾಯುವ ಹೊತ್ತಿಗೇ ನಾಗಪುರದ ಗೋರೆವಾಡಾ ಕೇಂದ್ರದಲ್ಲಿ 3 ಹುಲಿ ಮತ್ತು 1 ಚಿರತೆ ಎಚ್5ಎನ್1ನಿಂದ ಸತ್ತದ್ದು ತಿಳಿದುಬಂತು. ಹುಲಿ, ಚಿರತೆ, ಬೆಕ್ಕುಗಳು ತಿನ್ನುವುದು ಹಸಿ ಮಾಂಸ.

ಈಗ ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ

"ಚಿಕನ್, ಮೊಟ್ಟೆ ತಿಂದರೆ ಹಕ್ಕಿ ಜ್ವರ ಬರುತ್ತೆ" — ಸುಳ್ಳು. ಮಾಂಸದ ಎಲ್ಲ ಭಾಗವೂ 70 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸಿದರೆ ವೈರಸ್ ಸಾಯುತ್ತದೆ. ನಮ್ಮ ಮನೆಗಳಲ್ಲಿ ಕುದಿಯುವ ಸಾರು ಇದಕ್ಕಿಂತ ಬಹಳ ಬಿಸಿ. ಮೂಳೆಯ ಹತ್ತಿರ ಕೆಂಪು ಉಳಿದಿರಬಾರದು, ಮೊಟ್ಟೆಯ ಹಳದಿ ಗಟ್ಟಿಯಾಗಿರಬೇಕು. ಹತ್ತಿರದಲ್ಲಿ ರೋಗ ಕಾಣಿಸಿಕೊಂಡಿದ್ದರೆ ಹಾಫ್ ಬಾಯಿಲ್, ಹಸಿ ಮೊಟ್ಟೆ ಬೇಡ. ಕತ್ತರಿಸಿದ ಚಾಕು, ಮಣೆ, ಕೈ ಎಲ್ಲವನ್ನೂ ಸೋಪು ಹಾಕಿ ತೊಳೆಯಿರಿ. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇದೆ, ಸೋಪು ಅದನ್ನು ಒಡೆಯುತ್ತದೆ.

"ನಮ್ಮ ಬಿಸಿಲಿಗೆ ವೈರಸ್ ಬದುಕಲ್ಲ" — ನಂಬಬೇಡಿ. ತಂಪು ನೀರಿನಲ್ಲಿ ಈ ವೈರಸ್ ವಾರಗಟ್ಟಲೆ ಉಳಿಯುತ್ತದೆ, ಬಿಸಿಲಿನಲ್ಲಿ ಬೇಗ ಸಾಯುತ್ತದೆ ಎಂಬುದು ನಿಜ. ಆದರೆ ಹಕ್ಕಿಯ ಮೈಯೊಳಗೆ ಬಿಸಿಲು ತಾಗುವುದಿಲ್ಲ. ಒಂದು ಕೋಳಿಯಿಂದ ಪಕ್ಕದ ಕೋಳಿಗೆ ಹೋಗಲು ಅದಕ್ಕೆ ನಿಮಿಷಗಳೂ ಬೇಡ. ಹುಮನಾಬಾದ್‌ನಲ್ಲಿ ರೋಗ ಬಂದದ್ದು ಮೇ ತಿಂಗಳಲ್ಲಿ, ನಮ್ಮ ಕಡು ಬೇಸಿಗೆಯಲ್ಲಿ.

"ಪಾರಿವಾಳ ತಲೆ ಮೇಲೆ ಹಾರಿದರೆ ರೋಗ" — ಸುಳ್ಳು. ಹಾರುವ ಹಕ್ಕಿಯಿಂದ ರೋಗ ಉದುರುವುದಿಲ್ಲ. ಪಾರಿವಾಳಗಳು ಕೋಳಿ, ಬಾತುಗಳಿಗೆ ಹೋಲಿಸಿದರೆ ಈ ವೈರಸ್‌ಗೆ ಬಹಳ ಕಡಿಮೆ ತುತ್ತಾಗುತ್ತವೆ. ಆದರೆ ಪಾರಿವಾಳದ ಒಣ ಹಿಕ್ಕೆಯ ಧೂಳಿನಿಂದ ಶ್ವಾಸಕೋಶದ ಬೇರೆ ತೊಂದರೆಗಳು ಬರುತ್ತವೆ. ಗಂಜದ ಗೋದಾಮು, ಮಾಳಿಗೆ ಗುಡಿಸುವ ಹಮಾಲರು, ಕೆಲಸಗಾರರು ಹಿಕ್ಕೆಯ ಮೇಲೆ ಮೊದಲು ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ತೆಗೆದರೆ ಒಳ್ಳೆಯದು. ಇದು ಹಕ್ಕಿ ಜ್ವರ ಇರಲಿ, ಇಲ್ಲದಿರಲಿ, ವರ್ಷವಿಡೀ ಪಾಲಿಸಬೇಕಾದ್ದು.

"ಕೆರೆಯ ಹಕ್ಕಿಗಳನ್ನು ಓಡಿಸಿ, ಗೂಡು ಕಿತ್ತು ಹಾಕಿ" — ತಪ್ಪು, ಅಪಾಯ. ಕಾರಂಜಾ ಜಲಾಶಯಕ್ಕೆ ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನು ಪಟಾಕಿ ಹೊಡೆದು ಓಡಿಸಿದರೆ ಅವು ಇನ್ನೊಂದು ಕೆರೆಗೆ ಹೋಗುತ್ತವೆ. ರೋಗ ಇದ್ದರೆ ಅದೂ ಜೊತೆಗೆ ಹೋಗುತ್ತದೆ. ಕೊಲ್ಲಲು ಹೋದವರು ರಕ್ತ, ಹಿಕ್ಕೆ ಮುಟ್ಟುತ್ತಾರೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧವೂ ಹೌದು.

"ಆ್ಯಂಟಿಬಯೋಟಿಕ್ ತಗೊಂಡರೆ ಸಾಕು, ಅರಿಶಿನ, ಬೆಳ್ಳುಳ್ಳಿ ಕಷಾಯ ಕುಡಿದರೆ ಬರಲ್ಲ" — ಸುಳ್ಳು. ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾಗಳಿಗೆ, ವೈರಸ್‌ಗೆ ಅಲ್ಲ. ಕಷಾಯ ಗಂಟಲಿಗೆ ಹಿತ ಕೊಡಬಹುದು, ವೈರಸ್ ತಡೆಯುವುದಿಲ್ಲ. ವರ್ಷಕ್ಕೊಮ್ಮೆ ಹಾಕುವ ಸಾಮಾನ್ಯ ಫ್ಲೂ ಲಸಿಕೆಯೂ ಎಚ್5ಎನ್1ನಿಂದ ರಕ್ಷಣೆ ಕೊಡುವುದಿಲ್ಲ. ಒಸೆಲ್ಟಾಮಿವಿರ್ ಎಂಬ ವೈರಸ್ ವಿರೋಧಿ ಔಷಧ ಇದೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಉಪಯೋಗ. ಅದನ್ನು ವೈದ್ಯರು ಹೇಳಿದರೆ ಮಾತ್ರ ತೆಗೆದುಕೊಳ್ಳಬೇಕು.

"ಹಾಲಿನಿಂದಲೂ ಬರುತ್ತೆ" — ಅರ್ಧ ಸತ್ಯ. 2024ರಲ್ಲಿ ಅಮೆರಿಕದ ಹೈನುಗಾರಿಕೆ ಹಸುಗಳಲ್ಲಿ ಎಚ್5ಎನ್1 ಸಿಕ್ಕಿತು, ಹಸಿ ಹಾಲಿನಲ್ಲೂ ವೈರಸ್ ಇತ್ತು. ಹಾಲು ಕಾಯಿಸಿದರೆ ಅದು ಸಾಯುತ್ತದೆ. ನಾವು ಹೇಗೂ ಹಾಲು ಕಾಯಿಸಿಯೇ ಕುಡಿಯುತ್ತೇವೆ, ಅದನ್ನೇ ಮುಂದುವರಿಸಿ.

ಸತ್ತ ಹಕ್ಕಿ ಕಂಡರೆ ಏನು ಮಾಡಬೇಕು?

ಒಂದು ಕಾಗೆ ಸತ್ತಿದ್ದರೆ ಗಾಬರಿ ಬೇಡ. ಒಂದೇ ಜಾಗದಲ್ಲಿ ಒಂದೆರಡು ದಿನಗಳಲ್ಲಿ ಹಲವು ಹಕ್ಕಿಗಳು ಸತ್ತರೆ, ಅಥವಾ ಹಕ್ಕಿಗಳು ಕುತ್ತಿಗೆ ತಿರುಚಿಕೊಂಡು, ಹಾರಲಾಗದೆ ತೂರಾಡುತ್ತಿದ್ದರೆ ತಿಳಿಸಲೇಬೇಕು. ಕಾಗೆಗಳು ನಾವು ಎಸೆದ ಕೋಳಿ, ಕೋಳಿ ಕಸ ತಿನ್ನುವ ಹಕ್ಕಿಗಳು. ಅವು ಗುಂಪಾಗಿ ಸತ್ತರೆ ಅಲ್ಲೇ ಹತ್ತಿರದಲ್ಲಿ ಏನೋ ಆಗಿದೆ ಎಂಬ ಸೂಚನೆ ಅದಾಗಿರಬಹುದು.

ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳನ್ನು, ನಾಯಿ, ಬೆಕ್ಕುಗಳನ್ನು ದೂರ ಇಡಿ. ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಅಥವಾ ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ. ಜಾಗ, ಹಕ್ಕಿಗಳ ಸಂಖ್ಯೆ, ಯಾವಾಗಿನಿಂದ ಎಂಬುದನ್ನು ಹೇಳಿ. ದೂರದಿಂದ ಒಂದು ಫೋಟೊ ತೆಗೆದು ಅವರಿಗೆ ಕಳಿಸಿ, ಗ್ರೂಪಿಗೆ ಅಲ್ಲ. ಅವರು ಬರುವ ಮೊದಲೇ ಹೂತರೆ, ಸುಟ್ಟರೆ ಪರೀಕ್ಷೆಗೆ ಮಾದರಿ ಸಿಗುವುದಿಲ್ಲ.

ಕೋಳಿ ಸಾಕುವವರು, ಅಂಗಡಿಯವರು ಗಮನಿಸಬೇಕಾದ್ದು

ನೀರಿನ ತೊಟ್ಟಿ, ಮೇವಿನ ಪಾತ್ರೆಗಳ ಹತ್ತಿರ ಕಾಡು ಹಕ್ಕಿಗಳು ಬರದಂತೆ ಬಲೆ ಹಾಕಿ. ಕೆರೆಯ ನೀರನ್ನು ಹಾಗೆಯೇ ಕೋಳಿಗೆ ಕುಡಿಸಬೇಡಿ. ಹೊರಗಿನ ಚಪ್ಪಲಿ, ಬುಟ್ಟಿ, ವಾಹನ ಶೆಡ್ಡಿನ ಒಳಗೆ ಬೇಡ. ಕೋಳಿ ಕತ್ತರಿಸಿದ ಕಸವನ್ನು ನಾಲಾ ಪಕ್ಕ ಎಸೆಯಬೇಡಿ, ಕಾಗೆ ಮತ್ತು ನಾಯಿಗಳು ಅದನ್ನು ಊರೆಲ್ಲ ಹರಡುತ್ತವೆ. ಕಾಯಿಲೆ ಬಿದ್ದ ಕೋಳಿಯನ್ನು ಕಡಿಮೆ ಬೆಲೆಗೆ ಮಾರುವುದು, ಮನೆಯಲ್ಲಿ ಕೊಯ್ದು ತಿನ್ನುವುದು ಬೇಡ. ಅತಿ ಹೆಚ್ಚು ಅಪಾಯ ಇರುವುದೇ ಆ ಕೊಯ್ಯುವ, ಪುಕ್ಕ ಕೀಳುವ ಕೆಲಸದಲ್ಲಿ.

ರೋಗ ತಿಳಿಸಿದರೆ ಎಲ್ಲ ಹೋಯಿತು ಎಂಬ ಭಯದಿಂದ ಕೆಲವರು ಮುಚ್ಚಿಡುತ್ತಾರೆ. ಇದರಿಂದ ಅವರಿಗೇ ನಷ್ಟ. ರೋಗ ತಡೆಗಾಗಿ ಸರ್ಕಾರ ಕೊಲ್ಲಿಸುವ ಕೋಳಿಗೆ, ನಾಶಪಡಿಸುವ ಮೊಟ್ಟೆ, ಮೇವಿಗೆ ಪರಿಹಾರ ಇದೆ. ಅದನ್ನು ಕೇಂದ್ರ ಮತ್ತು ರಾಜ್ಯ ಹಂಚಿಕೊಂಡು ಕೊಡುತ್ತವೆ. ತಾನಾಗಿ ಸತ್ತ ಕೋಳಿಗೆ ಆ ಪರಿಹಾರ ಸಿಗುವುದಿಲ್ಲ. ಬೇಗ ತಿಳಿಸಿದಷ್ಟೂ ಬದುಕಿರುವ ಕೋಳಿ ಹೆಚ್ಚು, ಪರಿಹಾರವೂ ಹೆಚ್ಚು.

ಜ್ವರ ಬಂದರೆ?

ಎಲ್ಲ ಜ್ವರವೂ ಹಕ್ಕಿ ಜ್ವರ ಅಲ್ಲ. ಆದರೆ ಕಾಯಿಲೆಯ ಅಥವಾ ಸತ್ತ ಹಕ್ಕಿ, ಕೋಳಿ ಮುಟ್ಟಿದ ಮೇಲೆ ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು, ಕಣ್ಣು ಕೆಂಪಾಗುವುದು, ಉಸಿರಾಟದ ತೊಂದರೆ ಬಂದರೆ ತಡಮಾಡಬೇಡಿ. ಲಕ್ಷಣಗಳು ಸಾಮಾನ್ಯವಾಗಿ 2ರಿಂದ 5 ದಿನಗಳಲ್ಲಿ ಕಾಣಿಸುತ್ತವೆ, ಕೆಲವೊಮ್ಮೆ ಎರಡು ವಾರದವರೆಗೂ ಹೋಗಬಹುದು. ಆಸ್ಪತ್ರೆಗೆ ಹೋದಾಗ "ನಾನು ಸತ್ತ ಕೋಳಿ ಮುಟ್ಟಿದ್ದೆ" ಎಂದು ನೀವೇ ಮೊದಲು ಹೇಳಿ. ವೈದ್ಯರು ಕೇಳಲಿ ಎಂದು ಕಾಯಬೇಡಿ. ಆ ಒಂದು ಮಾತು ಇಡೀ ಚಿಕಿತ್ಸೆಯ ದಾರಿ ಬದಲಿಸಬಹುದು. ಸಲಹೆಗೆ ಆರೋಗ್ಯ ಸಹಾಯವಾಣಿ 104 ಇದೆ.

ಒಂದು ಸುಳ್ಳು ಫಾರ್ವರ್ಡ್‌ನ ಬೆಲೆ

2020ರ ಫೆಬ್ರುವರಿ, ಮಾರ್ಚ್‌ನಲ್ಲಿ ಕೋಳಿಯಿಂದ ಕೊರೊನಾ ಬರುತ್ತದೆ ಎಂಬ ಸುಳ್ಳು ಮೊಬೈಲ್‌ಗಳಲ್ಲಿ ಹಬ್ಬಿತು. ಕೋಳಿ ಬೆಲೆ ಪಾತಾಳಕ್ಕೆ ಇಳಿಯಿತು. ಮೇವಿನ ಖರ್ಚೂ ಹುಟ್ಟದೆ ಗೋಕಾಕ ತಾಲೂಕಿನ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತ ಹೂತರು. ಆ ಕೋಳಿಗಳಿಗೆ ಯಾವ ರೋಗವೂ ಇರಲಿಲ್ಲ.

ಇದು ಗಂಜದ ವ್ಯಾಪಾರಕ್ಕೂ ಸಂಬಂಧಪಟ್ಟದ್ದೇ. ಕೋಳಿ ಮೇವಿನ ಮುಖ್ಯ ವಸ್ತುಗಳು ಮೆಕ್ಕೆಜೋಳ ಮತ್ತು ಸೋಯಾ ಹಿಂಡಿ. ಚಿಕನ್ ಕೊಳ್ಳುವವರು ನಿಂತರೆ ಫಾರಂನವರು ಮೇವು ಕೊಳ್ಳುವುದು ನಿಲ್ಲಿಸುತ್ತಾರೆ. ಆ ಪೆಟ್ಟು ತಿರುಗಿ ಔರಾದ್, ಭಾಲ್ಕಿಯ ಸೋಯಾ ಬೆಳೆದ ರೈತನ ಚೀಲಕ್ಕೇ ಬಂದು ಬೀಳುತ್ತದೆ. ಇನ್ನೊಂದು ನಷ್ಟವೂ ಇದೆ. ಸುಳ್ಳು ಎಚ್ಚರಿಕೆ ಪದೇ ಪದೇ ಬಂದರೆ ನಿಜವಾದ ಎಚ್ಚರಿಕೆ ಬಂದ ದಿನ ಯಾರೂ ನಂಬುವುದಿಲ್ಲ.

ಕೊನೆಯದಾಗಿ, ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಇದನ್ನು ಮಾಡಿ:

ಬೇಯಿಸಿದ ಚಿಕನ್, ಮೊಟ್ಟೆ ತಿನ್ನಬಹುದು. ಹಸಿ ಮಾಂಸ ಮಕ್ಕಳ ಕೈಗೆ, ಬಾಯಿಗೆ ಬೇಡ. ಸತ್ತ ಹಕ್ಕಿ, ಕೋಳಿ ಮುಟ್ಟಬೇಡಿ. ಗುಂಪಾಗಿ ಸತ್ತರೆ 1962ಕ್ಕೆ ಹೇಳಿ. ಮುಟ್ಟಿದ ಮೇಲೆ ಜ್ವರ ಬಂದರೆ ವೈದ್ಯರಿಗೆ ಮುಟ್ಟಿದ್ದನ್ನು ಹೇಳಿ. ಪ್ರಯೋಗಾಲಯ ಹೇಳದೆ "ಹಕ್ಕಿ ಜ್ವರ ಬಂತು" ಎಂದು ಹಬ್ಬಿಸಬೇಡಿ.